ಚಕ್ರದಡಿಯ ಕಾಯಿ

ಸ್ಪ್ಯಾನರಿನ ಮೇಲೆ ಹತ್ತಿ ನಿಂತರೂ ಕಾರಿನ ಚಕ್ರದ ನಟ್ಟು ಮಿಸುಕಲಿಲ್ಲ. ಶಿವಮೂರ್ತಿಗೆ ಸಿಟ್ಟು ನೆತ್ತಿಗೇರಿತು. ಬಿಳಿಗೆರೆಯ ಆ ತೋಟದ ಮನೆಯಲ್ಲಿ ಪಂಪಿನ ಮೋಟಾರು, ಮಿಕ್ಸಿ, ಹಾಲು ಕರೆಯುವ ಯಂತ್ರ, ಯಾವುದು ಕೆಟ್ಟರೂ ತಾನೇ ಬಿಚ್ಚಿಕೊಂಡು ಕೂರುವ ಆಸಾಮಿ ಆತ. ಬಿಚ್ಚಿದ್ದೆಲ್ಲ ಮತ್ತೆ ಸೇರುತ್ತಿತ್ತು ಎಂದೇನಲ್ಲ.

ಕಾರು ಅವನದಲ್ಲ, ಹೆಂಡತಿ ಗಿರಿಜಾಂಬಿಕಾಳದು. ನೊಣವಿನಕೆರೆಯ ಶಾಲೆಗೆ ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಹೋದ ಮೇಡಂ, ನಲವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ತನ್ನ ಸಂಬಳದಲ್ಲೇ ಕೊಂಡಿದ್ದಳು. ನಾಳೆ ಸೋಮವಾರ ಮೊದಲ ಸಲ ಒಬ್ಬಳೇ ಓಡಿಸಿಕೊಂಡು ಬರುತ್ತೇನೆಂದು ಶಾಲೆಯಲ್ಲೆಲ್ಲ ಹೇಳಿಯಾಗಿತ್ತು. ಶಿವಮೂರ್ತಿ ಬೇಡ ಅಂದಿರಲಿಲ್ಲ. ಹೂಂ ಅಂತಲೂ ಅಂದಿರಲಿಲ್ಲ. ಮುಂದಿನ ಬಲಗಡೆ ಚಕ್ರ ಕಿರುಗುಟ್ಟುತ್ತದೆ, ನೋಡದೆ ಕಳಿಸುವುದು ಹೇಗೆ ಎಂದು ಎರಡು ದಿನದಿಂದ ರಾಗ ಎಳೆಯುತ್ತಿದ್ದ. ಆ ಸದ್ದು ಅವನೊಬ್ಬನಿಗೇ ಕೇಳಿಸುತ್ತಿತ್ತು.

"ರೀ, ಹ್ಯಾಂಡ್ ಬ್ರೇಕ್ ಎಳ್ದಿದ್ದೀರಾ?" ಅಡುಗೆಮನೆಯ ಕಿಟಕಿಯಿಂದ ಅವಳ ದನಿ ಬಂತು.

"ಚಕ್ರಕ್ಕೆ ಅಡ್ಡ ತೆಂಗಿನಕಾಯಿ ಕೊಟ್ಟಿದ್ದೀನಿ ಕಣೇ."

"ಕಾಯಿ ಇರ್ಲಿ, ಬ್ರೇಕ್ ಎಳೀರಿ. ಡ್ರೈವಿಂಗ್ ಸ್ಕೂಲಲ್ಲಿ ಮೊದ್ಲು ಹೇಳ್ಕೊಡೋದೇ ಅದು."

"ನಂಗೇ ಹೇಳ್ಕೊಡಕ್ ಬಂದ್ಯಾ? ನಮ್ಮಪ್ಪನ ಕಾಲ್ದಿಂದ ಎತ್ತಿನ ಗಾಡಿಗೂ ಕಾಯೇ, ಟ್ರ್ಯಾಕ್ಟರ್‌ಗೂ ಕಾಯೇ. ಯಾವ್ದಾದ್ರೂ ಹೊಂಟೋಗಿತ್ತಾ?"

ಹಿಂದಿನ ಚಕ್ರಗಳ ಮುಂದೆ ಸಿಪ್ಪೆ ಸುಲಿಯದ ಒಂದೊಂದು ಕಾಯಿ ಇತ್ತು. ಜಾಕಿನ ಮೇಲೆ ಕಾರಿನ ಬಲಗಡೆ ಮೂತಿ ಎತ್ತಿಕೊಂಡಿತ್ತು, ಚಕ್ರ ಮಾತ್ರ ಇನ್ನೂ ನೆಲ ಬಿಟ್ಟಿರಲಿಲ್ಲ. ಅವಳ ಮೇಲಿನ ಸಿಟ್ಟನ್ನೂ ಸೇರಿಸಿ ಶಿವಮೂರ್ತಿ ಸ್ಪ್ಯಾನರಿನ ಮೇಲೆ ಎಗರಿ ತುಳಿದ. ನಟ್ಟು ತಿರುಗಲಿಲ್ಲ, ಕಾರು ಓಲಾಡಿತು. ಒಂದು ಕಾಯಿ ಪುಸಕ್ಕನೆ ಪಕ್ಕಕ್ಕೆ ಜಾರಿತು, ಅದರ ಹಿಂದೆಯೇ ಇನ್ನೊಂದು. ಜಾಕು ಮಗುಚುತ್ತಾ ಡ್ರೈವರ್ ಬಾಗಿಲಿನ ಅಂಚನ್ನು ಒಳಕ್ಕೆ ಮಡಚಿಹಾಕಿತು. ಕಾರು ಇಳಿಜಾರಿನ ಅಂಗಳದಲ್ಲಿ ಹತ್ತು ಮಾರು ಉರುಳಿ, ತೆಂಗಿನ ಮರಕ್ಕೆ ಗುದ್ದಿ ನಿಂತಿತು. ಒಂದು ಕಡೆಯ ದೀಪ ಪುಡಿಯಾಯಿತು.

ಅಂಗಳದ ಮೂಲೆಯಲ್ಲಿ ಕಾಯಿ ಸುಲಿಯುತ್ತಿದ್ದ ತೋಟದ ಆಳು ದೊಡ್ಡಣ್ಣ ಎದ್ದು ಬಂದು, ಜಾರಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ಅಟ್ಟದಲ್ಲಿ ಒಣಗಿದ್ ಕಾಯಿ ಇಟ್ಟಿದ್ದೀರಲ್ಲ ಮೂರ್ತಣ್ಣ. ಒಳ್ಗೆ ನೀರೇ ಇಲ್ಲ, ಹಗೂರ. ಹಸಿಕಾಯಿ ಆಗಿದ್ರೆ ನಿಲ್ತಿತ್ತೇನೋ."

"ನೀನ್ ಸುಮ್ಕೆ ಹೋಗಿ ಸುಲಿಲಾ!"

ಗಿರಿಜಾಂಬಿಕಾ ಕೈಯಲ್ಲಿ ರೊಟ್ಟಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಡ್ರೈವರ್ ಬಾಗಿಲನ್ನು ಎರಡು ಸಲ ಎಳೆದಳು. ಬರಲಿಲ್ಲ. ಹಿಡಿಯ ಮೇಲೆ ಹಿಟ್ಟಿನ ಬೆರಳಚ್ಚು ಮೂಡಿತು.

"ಗ್ಯಾರೇಜಿಗೆ ಫೋನ್ ಮಾಡ್ತೀನಿ ಬುಡು. ಒಂದ್ ವಾರ ಆಯ್ತದೆ ಅಷ್ಟೆ. ನಾಳೆ ಬಸ್ಸಿಗೇ ಹೋಗು," ಎಂದ ಶಿವಮೂರ್ತಿ. ಹೇಳುವಾಗ ತನ್ನ ದನಿಯಲ್ಲಿ ಏನೋ ನಿರಾಳವಿದ್ದದ್ದು ಅವನ ಕಿವಿಗೇ ಬಿತ್ತು. ನಾಚಿಕೆಯಾಯಿತು.

"ಇಂಜಿನ್‌ಗೆ ಏನಾದ್ರೂ ಆಗಿದ್ಯಾ?"

"ಇಲ್ಲ."

"ಚಕ್ರಕ್ಕೆ?"

"ಅದ್ರ ಒಂದ್ ನಟ್ಟೂ ಬಿಚ್ಚಿಲ್ವಲ್ಲ ಮೇಡಮ್ಮಾರೇ," ಎಂದ ದೊಡ್ಡಣ್ಣ ಮೂಲೆಯಿಂದ.

ಅವಳು ಒಳಗೆ ಹೋದಳು. ಸಂಜೆ ಗಂಡ ಹೆಂಡತಿ ಇಬ್ಬರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ಮೊದಲಿನ ಜಾಗದಲ್ಲಿ ನಿಲ್ಲಿಸಿದರು. ಗಿರಿಜಾಂಬಿಕಾ ಎಡಗಡೆಯಿಂದ ಬಗ್ಗಿ ಹ್ಯಾಂಡ್ ಬ್ರೇಕ್ ಎಳೆದಳು. ಆದರೂ ಶಿವಮೂರ್ತಿಗೆ ಮನಸ್ಸು ತಡೆಯಲಿಲ್ಲ. ಹಸಿಕಾಯಿಗಳನ್ನೇ ಆರಿಸಿ ತಂದು, ಈ ಸಲ ನಾಲ್ಕೂ ಚಕ್ರಗಳಿಗೆ ಕೊಟ್ಟ.

ಸೋಮವಾರ ಎಂಟು ಗಂಟೆಗೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಎಡಗಡೆ ಬಾಗಿಲಿನಿಂದ ಕಾರು ಹತ್ತಿದಳು. ಗೇರಿನ ಮೇಲಿಂದ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ದಾಟಿಸಿ, ಉಸ್ಸೆಂದು ಡ್ರೈವರ್ ಸೀಟಿಗೆ ಸರಿದಳು. ಇಂಜಿನ್ ಶುರುವಾಯಿತು. ಗಾಜು ಕೆಳಗಿಳಿಯಿತು.

"ರೀ, ಕಾಯಿ ತೆಗೀರಿ."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಶಿವಮೂರ್ತಿ ಬಗ್ಗಿ ಒಂದೊಂದೇ ಕಾಯಿ ತೆಗೆದ. ಕಾರು ಮೆಲ್ಲಗೆ ಅಲುಗಿ ಮುಂದಕ್ಕೆ ಹೊರಟಿತು. ನಾಲ್ಕು ಕಾಯಿಗಳನ್ನೂ ಎದೆಗೆ ಅವುಚಿಕೊಂಡು ನಿಂತು, ಅದು ಗೇಟು ದಾಟಿ ಟಾರು ರಸ್ತೆ ಹತ್ತುವವರೆಗೂ ಅವನು ಕಿವಿಗೊಟ್ಟು ಕೇಳಿದ. ಚಕ್ರ ಕಿರುಗುಟ್ಟಲಿಲ್ಲ.