ಕಾಲು ಹೋಗದ ಹಾಗೆ

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದುಕೊಂಡಿದ್ದೆ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು ತಲೆ ಕೊಡವಿಕೊಂಡು ಓಡಿದಳು. ಬಾಚಣಿಗೆ ಅವಳ ಕೂದಲಲ್ಲೇ ಸಿಕ್ಕಿಕೊಂಡು ಅವಳ ಜೊತೆಗೇ ಹೋಯಿತು.

ಪರದೆಯ ಮೇಲೆ ಮೊದಲು ಬಿಳಿ ಸೀಲಿಂಗು ಕಂಡಿತು. ಆಮೇಲೆ ಇವರ ಗದ್ದ, ಗದ್ದದ ತುದಿಯಲ್ಲಿ ಬೀಳಲೋ ಬೇಡವೋ ಎನ್ನುತ್ತಿದ್ದ ಒಂದು ಬೆವರಹನಿ. ಹಿಂದಿನಿಂದ ಗರ್ ಗರ್ ಎಂಬ ಸದ್ದು. ಹೋಟೆಲಿನ ಜಿಮ್ಮು. ಇವರು ಅಲ್ಲಿನ ಸೈಕಲ್ ತುಳಿಯುತ್ತಲೇ ನಮಗೆ ಫೋನು ಮಾಡುತ್ತಾರೆ. ಬೇರೆ ಹೊತ್ತು ಸಿಗುವುದಿಲ್ಲ.

"ಏನೇ ಇರುವೆ, ಎದ್ಯಾ?" ಎಂದರು ಏದುಸಿರಿನ ನಡುವೆ. ಸಕ್ಕರೆ ಡಬ್ಬಿ ಎಲ್ಲಿಟ್ಟರೂ ಹುಡುಕಿಕೊಂಡು ಹೋಗುತ್ತಾಳೆಂದು ಮಗಳಿಗೆ ಇವರಿಟ್ಟ ಹೆಸರು ಅದು.

"ಅಪ್ಪ, ನನ್ನ ಸೈಕಲ್ಲಿಂದು ಪಕ್ಕದ ಚಿಕ್ಕ ಚಕ್ರ ಬಿಚ್ಚಿದ್ವಿ! ಅಮ್ಮನೇ ಬಿಚ್ಚಿದ್ಳು."

"ಭೇಷ್! ಆಮೇಲೆ?"

"ಈಗ ಹಿಂದೆ ಯಾರಾದ್ರೂ ಹಿಡ್ಕೊಂಡ್ರೆ ನಾನು..." ಎಂದವಳು ನಿಲ್ಲಿಸಿದಳು. ಪರದೆಯನ್ನೇ ನೋಡಿದಳು. "ಅಪ್ಪ, ಒಂದು ಕೇಳ್ಲಾ?"

"ಕೇಳು ಕೇಳು."

"ಏನಿಲ್ಲ ಬಿಡು. ನೀನು ತುಳಿ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ತುಳೀಲಿ, ತುಳೀಲಿ. ಇಷ್ಟು ವರ್ಷ ತುಳಿದಿದ್ದು ರಸ್ತೆ ಮೇಲಾಗಿದ್ರೆ ಭೂಮಿ ಸುತ್ತಿ ಹಿತ್ತಲ ಬಾಗಿಲಿಂದ ಮನೆಗೆ ಬಂದಿರ್ತಿದ್ದ."

"ಅಮ್ಮಾ, ಕೇಳಿಸ್ತು!"

"ಕೇಳ್ಲಿ ಅಂತಾನೇ ಹೇಳಿದ್ದು."

ಇವರು ನಕ್ಕರು. ನಕ್ಕರೂ ಕಾಲು ನಿಲ್ಲಲಿಲ್ಲ. ಅಷ್ಟರಲ್ಲಿ ಅಲ್ಲಿ ಯಾರೋ ಸೈಕಲ್ಲಿಗೆ ಕಾಯುತ್ತಿದ್ದಾರೆಂದು ಫೋನು ಇಟ್ಟರು.

ಇವರದು ಲಾರಿ ತೂಗುವ ದೊಡ್ಡ ತೂಕದ ಯಂತ್ರಗಳನ್ನು ಸರಿಪಡಿಸುವ ಕೆಲಸ. ಕಾರ್ಖಾನೆಯ ಗೇಟಿನ ಹತ್ತಿರ ನೆಲಕ್ಕೆ ಹಾಸಿದ ಕಬ್ಬಿಣದ ಹಲಗೆಯ ಮೇಲೆ ಲಾರಿ ನಿಲ್ಲಿಸಿ ತೂಗುತ್ತಾರಲ್ಲ, ಅದು. ಹಲಗೆಯ ಕೆಳಗಿನ ಗುಂಡಿಗೆ ಇಳಿದು, ಗ್ರೀಸು ಮಣ್ಣಿನಲ್ಲಿ ಹೊರಳಾಡಿ, ಮೇಲೆ ಬಂದು ತೂಕದ ಕಲ್ಲು ಹೊರಿಸಿ ನೋಡಿ, ಮತ್ತೆ ಇಳಿಯುವುದು. ಒಂದೂರಲ್ಲಿ ಮುಗಿಯುವ ಮೊದಲೇ ಇನ್ನೊಂದೂರಿನಿಂದ ಕರೆ ಬಂದಿರುತ್ತದೆ. ತಿಂಗಳಲ್ಲಿ ಹೆಚ್ಚು ದಿನ ಹೊರಗೇ. ರೂಮುಗಳೆಲ್ಲ ಒಂದೇ ಥರ ಇರುತ್ತವಂತೆ. ಬೆಳಿಗ್ಗೆ ಎದ್ದಾಗ ಬಚ್ಚಲಮನೆ ಎಡಕ್ಕೋ ಬಲಕ್ಕೋ ಎಂದು ಯೋಚಿಸಬೇಕಂತೆ.

ಇವರ ಚೀಲದಲ್ಲಿ ಬಟ್ಟೆಗಿಂತ ಮೊದಲು ಹೋಗುವುದು ಸೈಕಲ್ ಬೂಟು, ಆ ಬೂಟು ಕಚ್ಚಿಕೊಳ್ಳುವ ಸ್ವಂತ ಪೆಡಲ್ಲು, ಒಂದು ಸ್ಪ್ಯಾನರು. ಜಿಮ್ಮಿನ ಪೆಡಲ್ಲು ಬಿಚ್ಚಿ ತಮ್ಮದನ್ನು ಹಾಕಿಕೊಂಡು ತುಳಿದು, ಮತ್ತೆ ಮೊದಲಿನದನ್ನೇ ಕೂರಿಸಿ ಬರುತ್ತಾರೆ. ಒಂದು ಹೋಟೆಲಿನಲ್ಲಿ ವಾಚ್‌ಮನ್ ಕಳ್ಳನೆಂದು ಹಿಡಿದುಕೊಂಡಿದ್ದನಂತೆ. "ಸೈಕಲ್ ಕದಿಯೋರನ್ನ ನೋಡಿದೀನಿ ಸಾರ್, ಬರೀ ಪೆಡಲ್ ಕದಿಯೋರನ್ನ ಇವತ್ತೇ ನೋಡಿದ್ದು" ಅಂದನಂತೆ. ಅದನ್ನು ಹೇಳಿಕೊಂಡು ನಾವು ಎಷ್ಟು ದಿನ ನಕ್ಕಿದ್ದೇವೆ.

ಇಷ್ಟೆಲ್ಲ ಪಾಡು ಒಂದು ಬೆಟ್ಟಕ್ಕಾಗಿ. ಊರಿನಲ್ಲಿ ಇವರ ಸೈಕಲ್ ಗೆಳೆಯರ ಗುಂಪಿದೆ. ಇವರು ಮನೆಗೆ ಬಂದ ಭಾನುವಾರ ಎಲ್ಲರೂ ಸೇರಿ ಬೆಟ್ಟದ ರಸ್ತೆ ಹತ್ತುತ್ತಾರೆ. ಹೋದರೆ ಮಧ್ಯಾಹ್ನವೇ ವಾಪಸು. ಬಂದವರು ಉಂಡು ಮಲಗುತ್ತಾರೆ. ಎದ್ದಾಗ ಮತ್ತೆ ಚೀಲ ತುಂಬುವ ಹೊತ್ತು. ಹೋಗಬೇಡಿ ಎಂದು ನಾನು ಎಂದೂ ಅಂದವಳಲ್ಲ. ಅಷ್ಟು ದಣಿದ ಮನುಷ್ಯನ ಮುಖ ಬೆಟ್ಟದಿಂದ ಇಳಿದು ಬಂದಾಗ ಹೇಗಿರುತ್ತದೆಂದು ನೋಡಿದ್ದೇನೆ.

ಅವತ್ತು ಫೋನು ಇಟ್ಟ ಮೇಲೆ ಮಗಳನ್ನು ಮತ್ತೆ ಮೊಣಕಾಲ ಮುಂದೆ ಕೂರಿಸಿಕೊಂಡೆ. ಬಾಚಣಿಗೆ ಬಿಡಿಸಿ, ಎಳೆ ಕೈಗೆತ್ತಿಕೊಂಡು, ಮೆಲ್ಲಗೆ ಕೇಳಿದೆ.

"ಅಪ್ಪನ್ನ ಏನೋ ಕೇಳೋಕೆ ಹೊರಟೆಯಲ್ಲ, ಏನು?"

"ಏನಿಲ್ಲ."

"ಭಾನುವಾರ ಸೈಕಲ್ ಹಿಡ್ಕೋ ಅಂತಾನಾ?"

ಅವಳ ಕತ್ತು ಸ್ವಲ್ಪ ಬಗ್ಗಿತು.

"ನಾನೇ ಹಿಡ್ಕೋತೀನಿ ಬಿಡೆ."

"ನೀನು ಮಧ್ಯದಲ್ಲಿ ಕುಕ್ಕರ್ ಕೂಗ್ತು ಅಂತ ಓಡಿಹೋಗ್ತೀಯ. ಮೊನ್ನೆ ಹಂಗೇ ಬಿಟ್ಟು ಹೋದೆ, ನಾನು ಗೋಡೆಗೆ ಹೋಗಿ ಗುದ್ದಿದೆ."

ಅದು ನಿಜವೇ. "ಸರಿ, ಹಾಗಾದ್ರೆ ಅಪ್ಪನ್ನೇ ಕೇಳು. ಕೇಳಿದ್ರೆ ಏನಂತೆ?"

"ಅಯ್ಯೋ, ಕೇಳಬಾರದಮ್ಮ. ಅಪ್ಪ ಪಾಪ, ತುಳೀದೇ ಇದ್ರೆ ಕಾಲು ಹೋಗುತ್ತಲ್ಲ!"

ನನ್ನ ಕೈ ನಿಂತಿತು. "ಏನಂದೆ?"

"ಅಪ್ಪನೇ ಹೇಳಿದ್ದು. ಸ್ವಲ್ಪ ದಿನ ಬಿಟ್ರೆ ಕಾಲು ಹೋಗಿಬಿಡುತ್ತೆ ಅಂತ. ಅಜ್ಜಿಗೂ ಹಂಗೇ ಆಗಿದ್ದು. ಅಜ್ಜಿ ದಿನಾ ಹೇಳಲ್ವಾ, ನನ್ನ ಕಾಲಂತೂ ಹೋಯ್ತು ಕಣಮ್ಮ ಅಂತ? ನಾನು ಕೇಳಿದೆ, ಅಜ್ಜಿ ಚಿಕ್ಕೋರಿದ್ದಾಗ ಸೈಕಲ್ ತುಳಿದೇ ಇಲ್ವಂತೆ."

ನಗು ಉಕ್ಕಿತು. ತುಟಿ ಕಚ್ಚಿಕೊಂಡೆ. ಇವರು ಆ ಮಾತು ಆಡದ ವಾರವಿಲ್ಲ. ರೂಢಿ ತಪ್ಪಿದರೆ ಬೆಟ್ಟದಲ್ಲಿ ದಮ್ಮು ಸಾಲುವುದಿಲ್ಲ ಎನ್ನುವುದನ್ನೇ ಇವರ ಗುಂಪಿನವರೆಲ್ಲ ಹಾಗೆ ಹೇಳುವುದು. ಅತ್ತೆ ಹೇಳುವುದು ಮಂಡಿನೋವಿನ ಮಾತು. ಎರಡನ್ನೂ ಒಂದಕ್ಕೊಂದು ಗಂಟು ಹಾಕಿಕೊಂಡು, ಈ ಪುಟ್ಟ ತಲೆ ಎಷ್ಟು ದಿನದಿಂದ ಅಪ್ಪನ ಕಾಲು ಕಾಯುತ್ತಿತ್ತೋ. ಪ್ರತಿ ಫೋನಿನ ಕೊನೆಗೂ "ನೀನು ತುಳಿ" ಎನ್ನುತ್ತಿದ್ದದ್ದು ಅದಕ್ಕೇ. ನಾನು ಅದನ್ನು ಜಾಣತನವೆಂದುಕೊಂಡಿದ್ದೆ.

"ಕಾಲು ಎಲ್ಲೂ ಹೋಗಲ್ಲ ಕಣೆ. ಹಾಗಂದ್ರೆ ಬೆಟ್ಟ ಹತ್ತೋವಾಗ ಸುಸ್ತಾಗುತ್ತೆ ಅಂತ ಅರ್ಥ, ಅಷ್ಟೇ. ಅಜ್ಜಿದು ಮಂಡಿ ಸವೆದಿರೋದು, ವಯಸ್ಸಾಯ್ತಲ್ಲ."

"ಅಷ್ಟೇನಾ?"

"ಅಷ್ಟೇ."

"ನಿಜವಾಗ್ಲೂ?"

"ನಿಜವಾಗ್ಲೂ."

ಜಡೆ ಮುಗಿಸಿ ರಬ್ಬರು ಹಾಕಿದೆ. ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಹತ್ತಿರ ತಿರುಗಿ ಕೇಳಿದಳು. "ಹಾಗಾದ್ರೆ ಒಂದು ಭಾನುವಾರ ಹೋಗದೇ ಇದ್ರೂ ಅಪ್ಪಂಗೆ ಏನೂ ಆಗಲ್ಲ?"

"ಹೊತ್ತಾಯ್ತು, ನಡಿ" ಎಂದು ಅವಳನ್ನು ಕಳಿಸಿಕೊಟ್ಟೆ. ಅವಳ ಹೆದರಿಕೆ ತೆಗೆದುಹಾಕಿದೆನೆಂದು ಸಮಾಧಾನಪಟ್ಟುಕೊಂಡಿದ್ದೆ. ಆ ಹೆದರಿಕೆಯೇ ಇಷ್ಟು ದಿನ ಮಗಳ ಮುಂದೆ ಇವರನ್ನೂ ಕಾಪಾಡಿತ್ತು. ಕಾಲು ಹೋಗುತ್ತದೆಂಬ ಕಾರಣಕ್ಕೆ ಅಪ್ಪ ತನ್ನ ಜೊತೆಗಿಲ್ಲ ಎಂದುಕೊಂಡರೆ ಮಗು ತಾಳಿಕೊಳ್ಳುತ್ತದೆ. ಬರೀ ಸುಸ್ತಾಗುತ್ತದೆಂದು ಅಪ್ಪ ಜೊತೆಗಿಲ್ಲ ಅಂದರೆ?

ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿ, ಕೈ ಒರೆಸಿಕೊಂಡು ಇವರಿಗೆ ಫೋನು ಮಾಡಿದೆ. ಹಿಂದೆ ಲಾರಿಗಳ ಹಾರನ್ನು ಕೇಳುತ್ತಿತ್ತು.

"ಏನಾಯ್ತೇ? ಅಮ್ಮ ಹುಷಾರಾಗಿದಾರಾ?"

"ಎಲ್ಲ ಹುಷಾರು. ಈ ಭಾನುವಾರ ಬೆಟ್ಟಕ್ಕೆ ಹೋಗ್ತಿದೀರಾ ಅಂತ ಕೇಳೋಣ ಅನ್ನಿಸ್ತು."

"ಮತ್ತೆ? ಎಲ್ಲಾ ಕಾಯ್ತಿರ್ತಾರೆ. ಆ ಓಡದ ಸೈಕಲ್ ಮೇಲೆ ಕೂತು ಗೋಡೆ ನೋಡ್ಕೊಂಡು ತುಳೀತೀನಲ್ಲ, ಆ ಬೆಟ್ಟ ನೆನೆಸ್ಕೊಂಡೇ ಕಣೆ ತುಳಿಯೋದು. ಅದೂ ಇಲ್ಲದಿದ್ರೆ ನಾನೂ ಒಂದು ತೂಕದ ಕಲ್ಲೇ. ಇಲ್ಲಿಂದೆತ್ತಿ ಅಲ್ಲಿಟ್ಟ, ಅಲ್ಲಿಂದೆತ್ತಿ ಇಲ್ಲಿಟ್ಟ."

"ಹೊತ್ತಿಗೆ ಸರಿಯಾಗಿ ಉಣ್ಣಿ" ಎಂದೆ. ಇಬ್ಬರ ಆಸೆಯೂ ಗೊತ್ತಿರುವವಳು ಯಾರ ಪರ ಮಾತಾಡಬೇಕು? ಅವಳು ಕೇಳುವುದಿದ್ದರೆ ಅವಳೇ ಕೇಳಲಿ ಎಂದು ಸುಮ್ಮನಾದೆ.

ಶನಿವಾರ ಇವರು ಬಂದರು. ಚೀಲ ಇಟ್ಟವರು ಸೋಫಾದ ಮೇಲೆ ಹಾಗೇ ಒರಗಿ ನಿದ್ದೆ ಹೋದರು. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಇತ್ತು. ಮಗಳು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವರ ಕಾಲನ್ನೇ ನೋಡಿದಳು. ಒಂದು ಸಲ ಬೆರಳಿನಿಂದ ಮೀನಖಂಡ ಒತ್ತಿಯೂ ನೋಡಿದಳು. ಕಲ್ಲಿನಂತೆ ಗಟ್ಟಿ ಇದೆ ಎಂಬಂತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಸಂಜೆ ಎದ್ದು ಚಹಾ ಕುಡಿದವರೇ ಜಗಲಿಯಲ್ಲಿ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ಚೈನು ಒರೆಸತೊಡಗಿದರು. ನಾನು ಅಲ್ಲೇ ಒಣಗಿದ ಬಟ್ಟೆ ಮಡಚುತ್ತಿದ್ದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ, "ಹೆಂಡತಿ ಮಕ್ಕಳ ಮುಖ ಒಂದ್ಸಲ ಒರೆಸಿದ್ಯೇನೋ ಹೀಗೆ?" ಎಂದರು.

"ಅವರ ಮುಖಕ್ಕೆ ತುಕ್ಕು ಹಿಡಿಯಲ್ಲಮ್ಮ" ಎಂದು ಇವರು ನಕ್ಕರು.

ಆಗ ಗೇಟಿನ ಕಡೆಯಿಂದ ಮಗಳು ತನ್ನ ಸೈಕಲ್ ತಳ್ಳಿಕೊಂಡು ಬಂದಳು. ಅದನ್ನು ಇವರ ಸೈಕಲ್ಲಿನ ಪಕ್ಕಕ್ಕೆ ನಿಲ್ಲಿಸಲು ನೋಡಿದಳು. ಸ್ಟ್ಯಾಂಡು ಸರಿಯಾಗಿ ನಿಲ್ಲದೆ ಅದು ವಾಲುತ್ತಿತ್ತು. ಕೈ ಬಿಡದೆ ಹಿಡಿದುಕೊಂಡೇ ನಿಂತಳು. ನನ್ನ ಕಡೆ ನೋಡಿದಳು. ನಾನು ಅಂಗಿಯೊಂದನ್ನು ಮಡಚುವುದನ್ನೇ ನೋಡುತ್ತಾ ಕೂತೆ. ನನ್ನ ಮುಖ ನೋಡಿ ಅವಳು ಕೇಳುವುದೂ ಬೇಡ, ಬಿಡುವುದೂ ಬೇಡ ಎನ್ನಿಸಿತ್ತು.

"ಏನೇ ಇರುವೆ?" ಎಂದರು ಇವರು, ಚೈನಿನಿಂದ ಕಣ್ಣೆತ್ತದೆ. "ಎಣ್ಣೆ ಹಾಕ್ಬೇಕಾ ನಿಂದಕ್ಕೂ?"

"ಬೇಡ."

"ಮತ್ತೆ?"

ಅವಳು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಪ್ಪ, ನಿನ್ನ ಕಾಲಿಗೆ ಏನೂ ಆಗಲ್ವಂತೆ. ಅಮ್ಮ ಹೇಳಿದ್ಳು. ನಾಳೆ ಬೆಟ್ಟಕ್ಕೆ ಹೋಗದೆ ನನ್ನ ಸೈಕಲ್ ಹಿಡ್ಕೋತೀಯಾ?"