ಹೊಲಿಗೆ ಕೋಣೆಯ ಹೊಗೆಸೊಪ್ಪು

ಬೀಡಿ, ಚುಟ್ಟಾ, ನಶ್ಯ ಯಾವುದನ್ನೂ ಮುಟ್ಟದವರ ಮನೆಯ ಹಿತ್ತಲಲ್ಲಿ ನಲವತ್ತು ಹೊಗೆಸೊಪ್ಪಿನ ಗಿಡ ಯಾಕೆ ಬೇಕು ಎಂದು ಅಕ್ಕ ಎಷ್ಟು ಸಲ ಕೇಳಿದರೂ ತಮ್ಮನ ಉತ್ತರ ಒಂದೇ: "ತಳಿ ಉಳೀಬೇಕಲ್ಲಕ್ಕಾ."

ಇಬ್ಬರಿಗೂ ಐವತ್ತು ದಾಟಿತ್ತು. ಅಕ್ಕ ಬೀದಿ ಕಡೆಯ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ತಮ್ಮ ಗಡಿಯಾರ ರಿಪೇರಿ ಮಾಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಅವಳ ಬೀರು ತೆಗೆದಾಗ, "ಅಪ್ಪನ ಸೊಪ್ಪು" ಎಂದು ಅವಳೇ ಬರೆದಿಟ್ಟ ಕಾಗದದ ಪೊಟ್ಟಣ ಸಿಕ್ಕಿತ್ತು. ಅಮ್ಮನ ಅಪ್ಪ, ಅಂದರೆ ಅಜ್ಜ, ಬೆಳೆಯುತ್ತಿದ್ದ ತಳಿ. ನಾಲ್ಕು ವರ್ಷಕ್ಕೊಮ್ಮೆ ಅಮ್ಮ ಎರಡೇ ಎರಡು ಗಿಡ ಬೆಳೆಸಿ ಬೀಜ ಹೊಸದು ಮಾಡಿಟ್ಟುಕೊಳ್ಳುತ್ತಿದ್ದಳು. ಧೂಳಿನಷ್ಟು ಸಣ್ಣ ಬೀಜ. ಅಂದೇ ಉಫ್ ಎಂದು ಊದಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಆಮೇಲೆ ಬೇಕಾದಷ್ಟು ಸಲ ಅಂದುಕೊಂಡಳು.

ಅಮ್ಮನಿಗೆ ಎರಡು ಸಾಕಾಗಿದ್ದವು, ಮಗನಿಗೆ ನಲವತ್ತೂ ಸಾಲಲಿಲ್ಲ. ಗಿಡಗಳು ಆಳೆತ್ತರ ಬೆಳೆದವು. ಪಕ್ಕದಲ್ಲಿದ್ದ ಅಕ್ಕನ ಟೊಮೇಟೊ ಎಲೆಗಳಲ್ಲಿ ಹಳದಿ ಮಚ್ಚೆ ಎದ್ದು, ಎಲೆ ಮುರುಟಿಕೊಂಡಿತು.

"ಸೊಪ್ಪಿನ ರೋಗ ಅದು, ಟೊಮೇಟೊಗೂ ತಗುಲುತ್ತೆ," ಎಂದ ತಮ್ಮ, ಹವಾಮಾನ ಹೇಳುವವನ ಹಾಗೆ.

"ಮೊದಲೇ ಗೊತ್ತಿತ್ತಾ?"

"ಓದಿದ್ದೆ."

ಅಕ್ಕ ಹನ್ನೆರಡು ಟೊಮೇಟೊ ಗಿಡ ಕಿತ್ತು ಗೋಡೆಯಾಚೆ ಎಸೆದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಆದರೆ ಇರುವೆ ಬಿಟ್ಟುಕೊಂಡವನು ಒಬ್ಬ, ಕಚ್ಚಿಸಿಕೊಳ್ಳುವವಳು ಇನ್ನೊಬ್ಬಳು.

ಬುಡದ ಎಲೆಗಳು ಹಣ್ಣಾದಾಗ ನಿಜವಾದ ಕಾಟ ಶುರುವಾಯಿತು. ಬೇಗ ಒಣಗಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಬೂಷ್ಟು ಹಿಡಿಯುತ್ತದೆ, ಗಾಳಿ ಹದವಾಗಿ ಆಡುವುದು ಹೊಲಿಗೆ ಕೋಣೆಯಲ್ಲಿ ಮಾತ್ರ ಎಂದು ಅವನೇ ತೀರ್ಮಾನಿಸಿದ. ಅಕ್ಕ ದಾರ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮೆಷಿನ್ನಿನ ಮೇಲೆ ನಾಲ್ಕು ಸಾಲು ಎಲೆ ತೂಗಾಡುತ್ತಿತ್ತು.

"ಒಂದು ವಾರ ಅಷ್ಟೇ," ಎಂದ. ಮೂರು ವಾರವಾಯಿತು. ಎಲೆಗಳು ಹಳದಿಯಾದವು, ಆಮೇಲೆ ಕಂದು ಬಣ್ಣಕ್ಕೆ ತಿರುಗಿದವು, ಕೋಣೆ ತುಂಬ ಮೂಗಿಗೆ ಅಡರುವ ವಾಸನೆ. ನಾಲ್ಕನೆಯ ವಾರ ಸಂಗೀತದ ಟೀಚರು ಅಕ್ಕ ಹೊಲಿದುಕೊಟ್ಟಿದ್ದ ಹೊಸ ಕೋಟನ್ನು ವಾಪಸು ತಂದು ಮೇಜಿನ ಮೇಲಿಟ್ಟರು.

"ಹೊಲಿಗೆ ಚೆನ್ನಾಗಿದೆ ಕಣಮ್ಮ. ಆದ್ರೆ ನೀನು ಸೇದ್ಕೊಂಡು ಹೊಲೀತೀಯಾ?"

ಅಕ್ಕನ ಮೈಯೆಲ್ಲ ಉರಿದುಹೋಯಿತು. ಟೀಚರು ಹೋದದ್ದೇ ತಡ, ಸ್ಟೂಲು ಹತ್ತಿ, ಸಾಲುಗಳನ್ನೆಲ್ಲ ಕತ್ತರಿಸಿ ಅವನ ಹಾಸಿಗೆಯ ಮೇಲೆ ಸುರಿದಳು. ಅವನು ಅಲ್ಲಿಯೇ ಮೊಳೆ ಹೊಡೆದು, ತನ್ನ ತಲೆಯ ಮೇಲೆಯೇ ಎಲ್ಲವನ್ನೂ ನೇತುಹಾಕಿಕೊಂಡ. ಜಗಳಕ್ಕಾದರೂ ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಮರುವಾರ ಒಂದು ಬೆಳಿಗ್ಗೆ, ಇಬ್ಬನಿ ಆರುವ ಮೊದಲೇ, ತಮ್ಮ ಬರಿಗೈಯಲ್ಲಿ ನಡುವಿನ ಎಲೆಗಳನ್ನು ಮುರಿಯಲು ಹೋದ. ಅರ್ಧ ಮುಗಿಯುವಷ್ಟರಲ್ಲಿ ಬೆವರುತ್ತಾ ಬಂದು ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಿಸಿ, "ಅಕ್ಕಾ, ನೆಲ ತಿರುಗ್ತಿದೆ," ಎಂದವನೇ ವಾಂತಿ ಮಾಡಿಕೊಂಡ. ಅವಳ ಸಿಟ್ಟೆಲ್ಲ ಒಮ್ಮೆಗೇ ಜರ್ರನೆ ಇಳಿಯಿತು. ಆಟೋ ಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದಳು.

"ದಿನಕ್ಕೆಷ್ಟು ಸೇದ್ತೀರಿ?" ಎಂದರು ಡಾಕ್ಟರು.

"ಒಂದೂ ಇಲ್ಲ."

"ಡಾಕ್ಟರ ಹತ್ರ ಸುಳ್ಳು ಹೇಳಬಾರದು."

"ಸೇದಲ್ಲ ಡಾಕ್ಟರೇ," ಎಂದಳು ಅಕ್ಕ ಹಲ್ಲು ಕಚ್ಚಿ. "ಸಾಕ್ತಾನೆ."

ಒದ್ದೆ ಎಲೆಯ ವಿಷ ಚರ್ಮದಿಂದಲೇ ಇಳಿಯುತ್ತದೆ ಎಂಬುದು ಆಗ ತಿಳಿಯಿತು. ಎರಡು ದಿನ ಮಲಗಿರಬೇಕಾಯಿತು. ಮಲಗಿದಲ್ಲಿಂದಲೇ ನರಳಿದ, "ಮೇಲಿನ ಎಲೆ ಹಣ್ಣಾಗಿದೆ. ಇವತ್ತು ಬಿಟ್ರೆ ಹಾಳಾಗುತ್ತೆ."

"ಹಾಳಾಗ್ಲಿ!"

ಹಾಗೆಂದಳೇ ಹೊರತು, ಕಣ್ಣೆದುರು ಒಂದು ಗಿಡ ದಂಡವಾಗುವುದನ್ನು ನೋಡುವ ಹೆಂಗಸಲ್ಲ ಅವಳು. ಬಿಸಿಲೇರಿದ ಮೇಲೆ ರೇನ್‌ಕೋಟು, ರಬ್ಬರ್ ಗ್ಲೌಸು ತೊಟ್ಟು, ಅವನಿಗೆ ಕೇಳುವಂತೆ ಬೈಯುತ್ತಾ ಅಷ್ಟೂ ಎಲೆ ಮುರಿದಳು. ಅಂಟು ಗ್ಲೌಸಿಗೆ ಮೆತ್ತಿ ಟಾರಿನಂತೆ ಕಪ್ಪಾಯಿತು. ಬೀಜಕ್ಕೆಂದು ಬಿಟ್ಟಿದ್ದ ನಾಲ್ಕು ಗಿಡಗಳ ತುದಿಯ ಗುಲಾಬಿ ಬಣ್ಣದ ಹೂಗಳಿಗೆ, ತಳಿ ಬೆರೆಯದಿರಲೆಂದು, ಅವನು ತೆಳುಬಟ್ಟೆಯ ಚೀಲ ಕಟ್ಟಿದ್ದ. ನೋಡಿದರೆ, ಅವಳು ಗಿರಾಕಿಯ ಬ್ಲೌಸಿಗೆಂದು ತೆಗೆದಿಟ್ಟ ಬಟ್ಟೆ! ಹೊಲಿಗೆಯಂತೂ ನಾಯಿ ಬಾಯಿ ಹಾಕಿದಂತಿತ್ತು. ಅದನ್ನು ನೋಡಲಾರದೆ ನಾಲ್ಕು ಚೀಲವನ್ನೂ ಬಿಚ್ಚಿ, ನೆಟ್ಟಗೆ ಹೊಲಿದು, ಮತ್ತೆ ಕಟ್ಟಿದಳು.

ಮೂರು ತಿಂಗಳ ಮೇಲೆ ಸೊಪ್ಪು ಹದವಾಯಿತೆಂದು ತಮ್ಮ ಸಾರಿದ. ರುಚಿ ನೋಡಲು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಬಂದರು. ನಲವತ್ತು ವರ್ಷ ಪೈಪು ಸೇದಿದವರು. ಒಂದು ದಮ್ಮು ಎಳೆದರು, ಕಣ್ಣಲ್ಲಿ ನೀರು ತಂದುಕೊಂಡು ಐದು ನಿಮಿಷ ಕೆಮ್ಮಿದರು.

"ಹಳೇ ಬೂಟು ಸುಟ್ಟ ಹಾಗಿದೆ ಮಾರಾಯ."

ಅಕ್ಕ ತಮ್ಮನ ಮುಖ ನೋಡಿದಳು. ಸಪ್ಪಗಾಗುತ್ತಾನೆಂದು ಕಾದಳು. ಅವನು ಎಲೆ ಮೂಸಿ, ಗಂಭೀರವಾಗಿ ತಲೆಯಾಡಿಸಿ, "ಒಣಗಿಸಿದ್ದು ಅವಸರವಾಯ್ತು. ಬರೋ ವರ್ಷ ನಿಧಾನ ಮಾಡ್ಬೇಕು," ಎಂದ.

"ಬರೋ ವರ್ಷ ಎರಡು ಗಿಡ. ಅಮ್ಮನ ಲೆಕ್ಕ."

"ಇಪ್ಪತ್ತು."

"ಐದು. ಟೊಮೇಟೊದಿಂದ ದೂರ. ನನ್ನ ಕೋಣೆಗೆ ಒಂದೆಲೆ ಬಂದ್ರೆ ನಿನ್ನ ಗಡಿಯಾರಗಳೆಲ್ಲ ಬಾವಿಗೆ."

"ಎಂಟು. ಚೀಲ ನೀನೇ ಹೊಲೀಬೇಕು."

"ಆರು," ಎಂದುಬಿಟ್ಟಳು. ಬಾಯಿಂದ ಜಾರಿದ ಮೇಲೆ, ಚೀಲಕ್ಕೂ ತಾನು ಒಪ್ಪಿದಂತಾಯಿತಲ್ಲ ಎಂದು ಅವಳಿಗೆ ತಮ್ಮನ ಮೇಲಿನದಕ್ಕಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು.