ಜೋಸಪ್ಪನ ಅಮ್ಮ

ಸನ್ಮಾನದ ವೇದಿಕೆ ಮೇಲೆ ಶಿಷ್ಯೆ ಸೌಜನ್ಯ ಒಂದು ಮೈಸೂರು ಸಿಲ್ಕ್ ಸೀರೆ, ಅದರ ಮೇಲೊಂದು ವಿಮಾನದ ಟಿಕೆಟ್ ಇಟ್ಟು ಕೈಗೆ ಕೊಟ್ಟಾಗ ಜೋಸಪ್ಪ ಟಿಕೆಟ್ಟಿನ ಮೇಲಿದ್ದ ತನ್ನ ಹೆಸರನ್ನೇ ನೋಡುತ್ತ ನಿಂತ.

"ಊರಿಗೆ ಓಗಿ ಅದಿನೈದು ವರ್ಸ ಆಯ್ತಲ್ಲ ಸಾ. ಅಮ್ಮನ ಮಕ ನೋಡ್ಕಂಡು ಬನ್ನಿ. ಈ ಸೀರೆ ಅವ್ರಿಗೆ," ಅಂದಳು.

ಅರಕಲಗೂಡಿನ ಮೈದಾನದಲ್ಲಿ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಮ್ಮ ಸತ್ತು ಒಂಬತ್ತು ವರ್ಷವಾಗಿತ್ತು. ಅದು ಅಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

ಅವನ ಹೆಸರು ಜೋಸೆಫ್ ಮಸಾಂಜಾ, ದೇಶ ತಾಂಜಾನಿಯಾ. ನಮ್ಮ ಜನ ಬಿಡ್ತಾರಾ, ಜೋಸಪ್ಪ ಮಾಡಿಕೊಂಡರು. ಇಂಜಿನಿಯರಿಂಗ್ ಓದೋಕೆ ಹಾಸನಕ್ಕೆ ಬಂದವನು ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಲೇಜಿಗೆ ಕಪ್ ಗೆದ್ದುಕೊಟ್ಟ, ಓದು ಅಷ್ಟಕ್ಕಷ್ಟೇ. ಆಮೇಲೆ ಅರಕಲಗೂಡಿಗೆ ಬಂದು ಕೋಚ್ ಆದ. ಆಗ ಮೈದಾನ ಎಲ್ಲಿತ್ತು? ಸೌಜನ್ಯಳ ಅಪ್ಪ ಕೆಂಪಣ್ಣ, "ಸುಗ್ಗಿ ಮುಗುದ್ಮೇಲೆ ನಮ್ ಕಣ ಕಾಲಿ ಬಿದ್ದಿರ್ತದೆ, ಆಡ್ಸು," ಅಂದ. ರಾಗಿ ಒಕ್ಕೋ ಕಣದಲ್ಲಿ ಕಂಬ ನೆಟ್ಟು, ಸಗಣಿ ಸಾರಿಸಿದ ನೆಲದ ಮೇಲೆ ಹೆಣ್ಣುಮಕ್ಕಳಿಗೆ ಚೆಂಡು ಪುಟಿಸೋದು ಕಲಿಸಿದ. ಇವತ್ತು ಸೌಜನ್ಯ ಚನ್ನರಾಯಪಟ್ಟಣದಲ್ಲಿ ಪೊಲೀಸ್ ಎಸ್‌ಐ. ಅವನ ಕೈಲಿ ಪಳಗಿದವರು ರೈಲ್ವೆಯಲ್ಲಿದ್ದಾರೆ, ರಾಜ್ಯ ತಂಡದಲ್ಲಿದ್ದಾರೆ. ಅವನು ಮಾತ್ರ ಬಸ್ ಸ್ಟ್ಯಾಂಡ್ ಹಿಂದಿನ ರೂಮಿನಲ್ಲಿ ಒಂದು ಹೊಟ್ಟೆಗೆ ಅನ್ನ ಬೇಯಿಸಿಕೊಂಡು ಇದ್ದ.

ಅಮ್ಮನ ಸಾವಿನ ಸುದ್ದಿ ಬಂದದ್ದು ಹೊಳೆನರಸೀಪುರದಲ್ಲಿ, ಟೂರ್ನಿಯ ಫೈನಲ್ ದಿನ ಬೆಳಿಗ್ಗೆ. ಹುಡುಗಿಯರು ಎದೆಗುಂದಿಯಾರು ಅಂತ ಬಾಯಿ ಬಿಡಲಿಲ್ಲ. ಗೆದ್ದರು. ಸಂಜೆ ಅರಕಲಗೂಡಿಗೆ ವಾಪಸಾದಾಗ ಕೆಂಪಣ್ಣನ ಹೆಂಡತಿ ಅನಸೂಯಮ್ಮ ಎಂದಿನಂತೆ ಕೇಳಿದಳು: "ನಿಮ್ಮಮ್ಮ ಚೆಂದಾಗವ್ರಾ ಜೋಸಪ್ಪ?"

"ಚೆಂದಾಗವ್ರೆ ಅಕ್ಕ," ಅಂದುಬಿಟ್ಟ.

ಅಂದದ್ದೇ ತಪ್ಪಾಯಿತು ನೋಡಿ. ಆಮೇಲೆ ಕೇಳಿದಾಗಲೆಲ್ಲ ಅದೇ ಉತ್ತರ. ಯಾಕಪ್ಪಾ ಅಂದರೆ, ಇಡೀ ತಾಲ್ಲೂಕಿನಲ್ಲಿ ಅವನ ಅಮ್ಮನ್ನ ವಿಚಾರಿಸೋ ಜೀವ ಅನಸೂಯಮ್ಮ ಒಬ್ಬಳೇ. ಸತ್ತಳು ಅಂದರೆ ವಿಚಾರಿಸೋದೂ ನಿಂತುಹೋಗುತ್ತಲ್ಲ ಅಂತ ಹೆದರಿದ. ಅಷ್ಟು ಒಂಟಿಯಾಗಿದ್ದ.

ಈಗ ಮೈಕು ಕೈಗೆ ಬಂತು. ಸುಮ್ಮನೆ ಹೋಗಿಬರಬಹುದಿತ್ತು. ಆದರೆ ಉಡೋರಿಲ್ಲದ ಸೀರೆ ಹೊತ್ತು ಯಾರ ಬಾಗಿಲು ತಟ್ಟೋದು?

"ಅಮ್ಮ ಇಲ್ಲ," ಅಂದ. "ತೀರ್ಕಂಡು ಒಂಬತ್ತು ವರ್ಷ ಆಯ್ತು. ನಿಮಗೆಲ್ಲ ಸುಳ್ಳು ಹೇಳ್ದೆ."

ಅನಸೂಯಮ್ಮ ಎದ್ದಳು, ಅವನ ಕಡೆ ನೋಡದೆ ಹೊರಟೇಹೋದಳು. ಅವಳ ಹಿಂದೆ ಕೆಂಪಣ್ಣ, ವೇದಿಕೆಯಿಂದ ಇಳಿದು ಸೌಜನ್ಯ, ಆಮೇಲೆ ಅವನ ಹುಡುಗಿಯರು ಒಬ್ಬೊಬ್ಬರಾಗಿ. ಕುರ್ಚಿಗಳು ಖಾಲಿಯಾದವು. ಇಪ್ಪತ್ತೈದು ವರ್ಷದ ನಂಟು ಒಂದೇ ಮಾತಿಗೆ ಹರಿದುಹೋಯಿತು ಅಂದುಕೊಂಡ. ಮಾಡಿದ್ದುಣ್ಣೋ ಮಹರಾಯ ಅಂತ ತನಗೆ ತಾನೇ ಹೇಳಿಕೊಂಡು, ತಲೆ ಮೇಲಿನ ಪೇಟ ತೆಗೆದು ಕೂತ.

ಸ್ವಲ್ಪ ಹೊತ್ತಿಗೆ ಅನಸೂಯಮ್ಮ ವಾಪಸು ಬಂದಳು. ತಲೆಯಿಂದ ನೀರು ಸುರಿಯುತ್ತಿತ್ತು, ಉಟ್ಟ ಸೀರೆ ತೊಯ್ದು ತೊಪ್ಪೆಯಾಗಿತ್ತು. ಆಚೆ ಮೈದಾನದ ನಲ್ಲಿ ಹತ್ತಿರ ಸೌಜನ್ಯ ತಲೆ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಳು. ಉಳಿದ ಹುಡುಗಿಯರು ಜಡೆ ಬಿಚ್ಚಿಕೊಂಡು ಸಾಲಾಗಿ ನಿಂತಿದ್ದರು.

"ಸಾವಿನ ಸುದ್ದಿ ಎಷ್ಟು ತಡವಾಗಿ ಬಂದ್ರೂ ಮನೆಯವ್ರು ತಲೆಗೆ ನೀರು ಉಯ್ಕಬೇಕು ಕಣಪ್ಪ," ಅಂದಳು ಅನಸೂಯಮ್ಮ. "ನೀನೊಬ್ನೇ ಒತ್ಕಂಡು ಕೂತಿದ್ದಲ್ಲೋ, ಪಾಪಿ. ಏಳು, ನಿಂಗೂ ಉಯ್ತೀನಿ."

ಆರೂವರೆ ಅಡಿ ಆಳು ನಲ್ಲಿ ಮುಂದೆ ಮಂಡಿಯೂರಿದ. ಮೊದಲನೇ ಚೊಂಬು ನೀರು ತಲೆ ಮೇಲೆ ಬಿದ್ದಾಗ ಜೋಸಪ್ಪ ಅಮ್ಮನಿಗಾಗಿ ಜನರ ನಡುವೆ ಅತ್ತ.